ನಾಲ್ಕು ಬೆರಳಿನ ಸಂದು

ತೊವಾಕೋ: ಒಂದು ಗೆರೆ. ಮೇಲಿಂದ ಕೆಳಗೆ ಒಂದೇ ಒಂದು ಗೆರೆ ಎಳೆದ್ರೆ ಬಾಗಿಲು ಮುಚ್ಕೊಳತ್ತೆ. ಅಷ್ಟಕ್ಕೆ ಬೆಳಿಗ್ಗೆಯಿಂದ ಕೂತಿದೀರಿ.

ಇಸಾಬುರೋ: ಎಳೆಯಲ್ಲ.

ತೊವಾಕೋ: ಕೈ ನೋವಾ?

ಇಸಾಬುರೋ: ಕೈ ಚೆನ್ನಾಗಿದೆ. ಹುಡುಗ ಚೆನ್ನಾಗಿಲ್ಲ. ವಾಸಿಯಾಗದೇ ಇರೋನ ಬೀರಿನ ಬಾಗಿಲು ನಾನು ಮುಚ್ಚಲ್ಲ.

ತೊವಾಕೋ: ಹನ್ನೊಂದು ಸಂಪುಟ ಆ ಹುಡುಗಿ ಅವನನ್ನ ಪ್ರೀತಿಸಿದಾಳೆ ಕಣ್ರೀ. ದಿನಾ ಬಿಸಿ ಬ್ರೆಡ್ ತಂದುಕೊಟ್ಟಿದಾಳೆ, ಹಿಮದಲ್ಲಿ ನಿಂತು ಕಾದಿದಾಳೆ, ಎರಡು ಸಲ ಜ್ವರ ಬಂದು ಮಲಗಿದಾಳೆ. ಇಷ್ಟಾದ್ಮೇಲೂ ವಾಸಿಯಾಗಿಲ್ಲ ಅಂದ್ರೆ ಅವನೇನು ಮನುಷ್ಯನಾ, ಕಲ್ಲಾ?

ಇಸಾಬುರೋ: ಇದನ್ನ ಅವನನ್ನ ಕೇಳ್ತಿದೀಯಾ, ನನ್ನನ್ನ ಕೇಳ್ತಿದೀಯಾ?

ಪ್ರಶ್ನೆ ನ್ಯಾಯವಾದದ್ದೇ. ಜಗಳ ನಡೆದಿದ್ದದ್ದು ರೇಜಿ ಎಂಬ ಇಪ್ಪತ್ತನಾಲ್ಕರ ಯುವಕನ ವಿಷಯವಾಗಿ. ಆರಡಿ ಎತ್ತರ, ಬೆಳ್ಳಿ ಬಣ್ಣದ ಕೂದಲು, ಗುಬ್ಬಚ್ಚಿ ಬಂದು ಆರಾಮಾಗಿ ಕೂರಬಹುದಾದಷ್ಟು ಉದ್ದದ ರೆಪ್ಪೆ. ಹುಡುಗಿಯರ ಮಾಸಪತ್ರಿಕೆಯೊಂದರಲ್ಲಿ ಐದು ವರ್ಷದಿಂದ ಬರುತ್ತಿದ್ದ ಮಾಂಗಾ ಚಿತ್ರಕಥೆಯ ನಾಯಕ ಅವನು; ಕಾಗದದ ಮೇಲಲ್ಲದೆ ಇನ್ನೆಲ್ಲೂ ಇದ್ದವನಲ್ಲ. ಬ್ರೆಡ್ ಅಂಗಡಿಯ ಕೊನೋಮಿ ಅವನ ಬಾಲ್ಯದ ಗಾಯವನ್ನು ಪ್ರೀತಿಯಿಂದ ಮಾಯಿಸುವುದೇ ಕಥೆ. ಹುಡುಗ, ಕೂದಲು, ಬ್ರೆಡ್ಡು ಎಲ್ಲ ಕಲ್ಪನೆ. ಗಾಯ ಮಾತ್ರ ಅಸಲಿ. ಅದು ಇಸಾಬುರೋನದು.

ಇಸಾಬುರೋನಿಗೆ ಐವತ್ತೆರಡು ವರ್ಷ, ಐದಡಿ ಎರಡಂಗುಲ, ನಡುನೆತ್ತಿಯಲ್ಲಿ ಬೆಳದಿಂಗಳು. ಆರು ವರ್ಷದವನಿದ್ದಾಗ ಅವನು ಬಿಸಿನೀರ ಬುಗ್ಗೆಯ ಊರಿನಲ್ಲಿ, ಸೋದರತ್ತೆಯ ವಸತಿಗೃಹದಲ್ಲಿ ಬೆಳೆಯುತ್ತಿದ್ದ. ಅತಿಥಿಗಳಿಗೆ ಮಕ್ಕಳ ಸದ್ದು ಕೇಳಬಾರದೆಂದು ಅತ್ತೆ ಅವನನ್ನು ಹಾಸಿಗೆ ಮಡಚಿಡುವ ಗೋಡೆಬೀರಿನಲ್ಲಿ ಕೂರಿಸಿ ಜಾರುಬಾಗಿಲು ಎಳೆದುಬಿಡುತ್ತಿದ್ದಳು. ಒಂದು ದಿನ ಹಾಗೆ ಕೂರಿಸಿ, ಮರೆತು, ಮನೆಮಂದಿಯನ್ನೆಲ್ಲ ಕರೆದುಕೊಂಡು ಪಕ್ಕದೂರಿನ ಮದುವೆಗೆ ಹೋದಳು. ಬಂದದ್ದು ಮಾರನೆಯ ಸಂಜೆ. ಬಾಗಿಲಿಗೆ ಚಿಲಕವೇನೂ ಇರಲಿಲ್ಲ. ಹೊರಗೆ ಬಾ ಎಂದು ಯಾರೂ ಹೇಳದೇ ಇದ್ದುದರಿಂದ ಹುಡುಗ ಕೂತೇ ಇದ್ದ.

ಇದನ್ನು ಅವನು ಮದುವೆಯಾದ ಎರಡನೆಯ ವರ್ಷ, ಕಿತ್ತಳೆ ಸುಲಿಯುತ್ತಾ, ಮೂರು ವಾಕ್ಯದಲ್ಲಿ ಹೆಂಡತಿ ತೊವಾಕೋಗೆ ಹೇಳಿದ್ದ. ತೊವಾಕೋ ಎದ್ದು ಹೋಗಿ, ಮನೆಯ ಗೋಡೆಬೀರಿನ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು, ಅದು ಮುಚ್ಚಿಕೊಳ್ಳದಂತೆ ಕೆಳಗಿನ ಜಾಡಿನಲ್ಲಿ ಮರದ ಅನ್ನದ ಸೌಟೊಂದನ್ನು ಅಡ್ಡ ಇಟ್ಟಳು. ಹಾಸಿಗೆಗೆ ಧೂಳು ಬಿತ್ತು, ಇಲಿ ಒಮ್ಮೆ ಸಂಸಾರ ಹೂಡಿತು, ಸೌಟು ಅಲುಗಲಿಲ್ಲ. ಮುಂದೆ ಎಷ್ಟೋ ಕಾಲಕ್ಕೆ ಕಥಾನಾಯಕನಿಗೊಂದು ಗಾಯ ಬೇಕಾದಾಗ ಅವಳು ಹಿಂಜರಿಯುತ್ತಲೇ ಕೇಳಿದ್ದಳು. ಇಸಾಬುರೋ ಉದಾರವಾಗಿ ಒಪ್ಪಿದ್ದ: ಗಾಯ ತಗೋ, ಹೆಸರು ಹಾಕಬೇಡ, ಕೂದಲು ಅವನದೇ ಇರಲಿ.

ಮಾತ್ಸುಮೊತೋದ ಆ ಸಣ್ಣ ಮನೆಯಲ್ಲಿ ಇಬ್ಬರೂ ಸೇರಿ ಚಿತ್ರ ಬರೆಯುತ್ತಿದ್ದರು, ಮತ್ತು ಅದಕ್ಕೊಂದು ಸಂವಿಧಾನವಿತ್ತು. ಉಸಿರಾಡುವುದೆಲ್ಲ ತೊವಾಕೋಳದು. ಉಸಿರಾಡದ್ದೆಲ್ಲ ಇಸಾಬುರೋನದು: ಮನೆ, ರೈಲು, ಹಿಮ, ಬಾಗಿಲು, ಮತ್ತು ಚಿತ್ರದ ಮೇಲೆ ದಪ್ಪದಪ್ಪ ಅಕ್ಷರದಲ್ಲಿ ಬರೆಯುವ ಸದ್ದುಗಳು. ಒಮ್ಮೆ ಮೀನಂಗಡಿಯ ದೃಶ್ಯ ಬಂದಾಗ ಸತ್ತ ಮೀನು ಯಾರ ವ್ಯಾಪ್ತಿಗೆ ಬರುತ್ತದೆಂದು ಮೂರು ದಿನ ಚರ್ಚೆಯಾಗಿ, ಕಣ್ಣು ಅವಳು, ಉಳಿದದ್ದು ಅವನು ಎಂದು ತೀರ್ಮಾನವಾಗಿತ್ತು. ಅಲ್ಲಿಂದೀಚೆಗೆ ಒಬ್ಬರ ಗಡಿಯನ್ನು ಇನ್ನೊಬ್ಬರು ದಾಟಿರಲಿಲ್ಲ. ಆದ್ದರಿಂದ ರೇಜಿ ವಾಸಿಯಾದನೆಂದು ಕಡೆಯ ಚಿತ್ರದಲ್ಲಿ ತೋರಿಸಬೇಕಿದ್ದ ಅವನ ಗೋಡೆಬೀರಿನ ಬಾಗಿಲಿನ ಗೆರೆ ಅವಳ ಕೈಯಲ್ಲಿರಲಿಲ್ಲ; ಎಳೆದರೆ ಅವನೇ ಎಳೆಯಬೇಕು.

ಫೆಬ್ರವರಿ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಕೆಳಗೆ ಹೀಟರು, ಮೇಲೆ ರಜಾಯಿ ಹೊದಿಸಿದ ಕೊತಾತ್ಸು ಮೇಜಿನೊಳಗೆ ಮೂವರ ಕಾಲುಗಳು ಬೆಚ್ಚಗಿದ್ದುದರಿಂದ ಯುದ್ಧ ಸೊಂಟದಿಂದ ಮೇಲೆ ಮಾತ್ರ ನಡೆಯುತ್ತಿತ್ತು. ಮೂರನೆಯ ಜೋಡಿ ಕಾಲು ನುಕಾಗಾಳದು. ಟೋಕಿಯೋದಿಂದ ಬಂದ ಸಂಪಾದಕಿ. ಗಾಳ ಹಾಕುವವರ ಪತ್ರಿಕೆಯಲ್ಲಿ ಹದಿನೆಂಟು ವರ್ಷ ದುಡಿದು ಈಚೆಗಷ್ಟೇ ಪ್ರೇಮದ ವಿಭಾಗಕ್ಕೆ ವರ್ಗವಾಗಿದ್ದಳು. ಕಡೆಯ ಪುಟ ಹಿಡಿದುಕೊಂಡು ನಾಲ್ಕು ಹತ್ತರ ರೈಲು ಹತ್ತಬೇಕು. ಇಲ್ಲದಿದ್ದರೆ ಆ ಪುಟ ಖಾಲಿ ಅಚ್ಚಾಗುತ್ತದೆ. ಕೋಟು ಬಿಚ್ಚದೆ ಸೊಪ್ಪಿನ ಉಪ್ಪಿನಕಾಯಿ ತಿನ್ನುತ್ತಿದ್ದಳು. ತೊವಾಕೋಳನ್ನು ‘ಸೆನ್ಸೆ’, ಅಂದರೆ ಗುರುಗಳೇ, ಎಂದು ಕರೆಯುತ್ತಿದ್ದಳು. ಗಾಯ ಯಾರದೆಂದು ಅವಳಿಗೆ ಗೊತ್ತಿರಲಿಲ್ಲ.

ನುಕಾಗಾ: ಸೆನ್ಸೆ, ನಂಗೆ ಪ್ರೇಮ ಅಷ್ಟಾಗಿ ಗೊತ್ತಿಲ್ಲ. ಆದ್ರೆ ಐದು ವರ್ಷ ದಾರ ಬಿಟ್ಟೂ ಬಿಟ್ಟೂ ಎಳೆದಿದೀರಿ. ಮೀನು ದಡಕ್ಕೆ ಬಂದಿದೆ. ಈಗ ಎತ್ತಬೇಕು.

ಇಸಾಬುರೋ: ಎತ್ತಿದ್ರೆ ಸಾಯತ್ತೆ.

ನುಕಾಗಾ: ಸಣ್ಣದಾದ್ರೆ ವಾಪಸ್ ನೀರಿಗೆ ಬಿಡ್ತೀವಿ. ಇದು ಆರಡಿ ಇದೆ.

ತೊವಾಕೋ: ಅವರಿಗೆ ಹೇಳಿ ಪ್ರಯೋಜನ ಇಲ್ಲ ನುಕಾಗಾ ಅವರೇ. ಪ್ರೀತಿಯಿಂದ ಏನೂ ಆಗಲ್ಲ ಅನ್ನೋ ಸಿದ್ಧಾಂತದೋರು.

ಇಸಾಬುರೋ: ಏನೂ ಆಗಲ್ಲ ಅಂದೆನಾ? ಹಣೆಗೊಂದು ಮುತ್ತು ಕೊಟ್ಟ ತಕ್ಷಣ ಬಾಗಿಲು ತಾನಾಗೇ ಮುಚ್ಕೊಳ್ಳಲ್ಲ ಅಂದೆ. ಮುತ್ತಿಗೂ ಬಾಗಿಲಿಗೂ ಏನು ಸಂಬಂಧ?

ನುಕಾಗಾ: ನಿಜ ಹೇಳ್ಬೇಕಂದ್ರೆ ಈ ರೇಜಿದು ಸ್ವಲ್ಪ ಜಾಸ್ತಿನೇ ಆಯ್ತು ಅಂತ ನಂಗೂ ಅನ್ಸತ್ತೆ. ಒಂದು ದಿನ ಬೀರಲ್ಲಿ ಕೂತಿದ್ದಕ್ಕೆ ಹನ್ನೊಂದು ಸಂಪುಟನಾ?

ಇಸಾಬುರೋ: ಒಂದೂವರೆ ದಿನ.

ನುಕಾಗಾ: ಕಥೇಲಿ ಒಂದು ದಿನ ಅಂತಿದೆಯಲ್ಲ.

ಇಸಾಬುರೋ: ಮಾತು ಇವಳದು, ಕಿಟಕಿ ನಂದು. ಕಿಟಕೀಲಿ ಎರಡು ಸಲ ಸಂಜೆಯಾಗಿದೆ. ನೋಡಿ.

ನುಕಾಗಾ ಆರನೆಯ ಸಂಪುಟ ತೆಗೆದು ನೋಡಿದಳು. ಎರಡು ಸಲ ಸಂಜೆಯಾಗಿತ್ತು. ಹಿನ್ನೆಲೆ ಬರೆಯುವವರು ಇಷ್ಟು ಶ್ರದ್ಧೆಯಿಂದಿರುತ್ತಾರೆಂದು ತನಗೆ ತಿಳಿದಿರಲಿಲ್ಲವೆಂದು ತಲೆಬಾಗಿದಳು.

ತೊವಾಕೋ: ಹಾಗಾದ್ರೆ ನೇರವಾಗಿ ಕೇಳ್ತೀನಿ. ಇಪ್ಪತ್ತೆರಡು ವರ್ಷ ಒಬ್ಬಳು ಒಬ್ಬನ ಜೊತೆ ಇದ್ದು, ಅವನಿಗೋಸ್ಕರ ತಣ್ಣನೆ ಗಾಳಿ ಬರೋ ಕಡೆ ಮಲಗಿ, ಒಂದು ದಿನಾನೂ ಬಾಗಿಲ ಬಗ್ಗೆ ಮಾತೆತ್ತದೆ ಇದ್ರೆ, ಅದರಿಂದ ಅವನಿಗೆ ಒಂದು ಬೆರಳಷ್ಟಾದ್ರೂ ಉಪಯೋಗ ಆಯ್ತೋ ಇಲ್ವೋ?

ನುಕಾಗಾ: ಸೆನ್ಸೆ, ಕಥೇಲಿ ಅವರು ಸಿಕ್ಕಿ ಇನ್ನೂ ಒಂದೂವರೆ ವರ್ಷ.

ತೊವಾಕೋ: ಕಥೇಲಿ, ಹೌದು.

ನುಕಾಗಾ ಇದನ್ನು ಮುಂದಿನ ಭಾಗದ ಹೊಳಹೆಂದು ತಿಳಿದು ತನ್ನ ಪುಸ್ತಕದಲ್ಲಿ ‘ಇಪ್ಪತ್ತೆರಡು ವರ್ಷದ ನಂತರ?’ ಎಂದು ಗುರುತು ಹಾಕಿಕೊಂಡಳು. ಇಸಾಬುರೋ ಲೇಖನಿಯ ಮೊನೆಯನ್ನು ಒರೆಸಿದ. ಅದು ಮೊದಲೇ ಶುಭ್ರವಾಗಿತ್ತು.

ಇಸಾಬುರೋ: ಉಪಯೋಗ ಆಗಿಲ್ಲ ಅಂತಲ್ಲ ಕಣೇ. ಆದ್ರೆ ಆಗಿದೆ ಅಂತ ಅಚ್ಚು ಹಾಕಿಸೋ ಅಷ್ಟು ಖಾತ್ರಿ ಇಲ್ಲ. ಲಕ್ಷ ಜನ ಓದ್ತಾರೆ. ಅದರಲ್ಲಿ ಎಷ್ಟು ಮಕ್ಕಳು ಬೀರಲ್ಲಿ ಕೂತ್ಕೊಂಡು ಓದ್ತಿದಾವೋ ಯಾರಿಗೆ ಗೊತ್ತು. ಸುಳ್ಳು ಬರೆಯಲ್ಲ.

ಈ ಮಾತಿಗೆ ತೊವಾಕೋಳ ಬಳಿ ಉತ್ತರವಿದ್ದಂತಿತ್ತು. ಅವಳು ಬಾಯಿ ತೆರೆದಳು, ಯಾಕೋ ಅಡಿಗೆಮನೆಯ ಕಡೆ ನೋಡಿದಳು, ಬಾಯಿ ಮುಚ್ಚಿದಳು.

ಸಂದು ಸಿಕ್ಕಿತೆಂದು ನುಕಾಗಾ ತನ್ನ ಚೀಲದಿಂದ ಬ್ರಹ್ಮಾಸ್ತ್ರ ಹೊರತೆಗೆದಳು: ಓದುಗರ ಕಾರ್ಡುಗಳು. ಪ್ರತಿ ಸಂಚಿಕೆಯಲ್ಲೂ ಹರಿದು ಅಂಚೆಗೆ ಹಾಕಲೊಂದು ಕಾರ್ಡು ಇರುತ್ತದೆ. ಯಾವ ಕಥೆ ಬದುಕಬೇಕು, ಯಾವುದು ಸಾಯಬೇಕು ಎಂಬುದನ್ನು ಆ ಕಾರ್ಡುಗಳೇ ನಿರ್ಧರಿಸುವುದು. ಈ ತಿಂಗಳು ಆರುನೂರ ನಲವತ್ತು ಬಂದಿದ್ದವು. ಬಹುತೇಕ ಎಲ್ಲರೂ ರೇಜಿ ವಾಸಿಯಾಗಬೇಕೆಂದು ಬರೆದಿದ್ದರು. ಕೆಲವರು ಅವನು ಸುಂದರವಾಗಿ ಸಾಯಬೇಕೆಂದಿದ್ದರು. ಇಬ್ಬರು ಕೂದಲಿಗೆ ಏನು ಹಚ್ಚುತ್ತಾನೆಂದು ಕೇಳಿದ್ದರು.

ನುಕಾಗಾ: ಇದೊಂದು ಮಾತ್ರ ಯಾವ ಕಟ್ಟಿಗೆ ಸೇರಿಸೋದು ಗೊತ್ತಾಗ್ಲಿಲ್ಲ. ಓದ್ತೀನಿ. ‘ನಾನು ಐಜು ಸೀಮೆಯ ಬಡಗಿ. ಐವತ್ತು ವರ್ಷದಿಂದ ಜಾರುಬಾಗಿಲು ಮಾಡುತ್ತೇನೆ. ಮೊಮ್ಮಗಳ ಪತ್ರಿಕೆ ಓದುತ್ತೇನೆ. ಪ್ರೇಮದ ಭಾಗ ಬಿಟ್ಟು ಬಾಗಿಲು ನೋಡುತ್ತೇನೆ. ಮೂವತ್ತನೇ ಕಂತಿನವರೆಗೆ ಹುಡುಗನ ಕೋಣೆಯ ಗೋಡೆಬೀರು ನಾಲ್ಕು ಬೆರಳು ತೆರೆದೇ ಇರುತ್ತಿತ್ತು. ಚೌಕಟ್ಟು ವಾಲಿರಬೇಕೆಂದು ಸಂಕಟವಾಗುತ್ತಿತ್ತು. ಮೂವತ್ತೊಂದರಿಂದ ಸರಿಯಾಗಿ ಮುಚ್ಚಿಕೊಂಡಿದೆ. ರಿಪೇರಿ ಮಾಡಿದವರ ಕೈ ಒಳ್ಳೆಯದು. ಹೆಸರು ತಿಳಿಸುವುದು.’

ಇಸಾಬುರೋ ಕಾರ್ಡನ್ನು ಇಸಕೊಂಡು ತಿರುಗಿಸಿ ನೋಡಿದ.

ಇಸಾಬುರೋ: ಅಜ್ಜನಿಗೆ ಕಣ್ಣು ಮಂಜು.

ತೊವಾಕೋ: ಏಳನೇ ಸಂಪುಟ ತೆಗೀರಿ.

ಏಳನೆಯ ಸಂಪುಟದಲ್ಲಿ ಬಾಗಿಲು ಮುಚ್ಚಿತ್ತು. ಎಂಟರಲ್ಲಿ ಮುಚ್ಚಿತ್ತು. ಒಂಬತ್ತರಲ್ಲಿ ರೇಜಿ ಅದೇ ಬಾಗಿಲಿಗೆ ಒರಗಿ ಕಣ್ಣೀರಿಡುತ್ತಾ, ನನ್ನೊಳಗಿನ ಬಾಗಿಲು ಎಂದೂ ಮುಚ್ಚುವುದಿಲ್ಲ ಎನ್ನುತ್ತಿದ್ದ. ಅವನ ಬೆನ್ನ ಹಿಂದೆ ಅದು ಕೂದಲು ತೂರಲೂ ಜಾಗವಿಲ್ಲದಂತೆ ಮುಚ್ಚಿತ್ತು. ಎರಡು ವರ್ಷ, ಇಪ್ಪತ್ತನಾಲ್ಕು ಕಂತು. ಬರೆದವನು ನೋಡಿರಲಿಲ್ಲ, ಮುಖಗಳನ್ನಷ್ಟೇ ನೋಡುವ ಹೆಂಡತಿ ನೋಡಿರಲಿಲ್ಲ, ಪತ್ರಿಕೆಯವರು ಯಾರೂ ನೋಡಿರಲಿಲ್ಲ.

ಇಸಾಬುರೋ: ಇದನ್ನ ನಾನು ಬರೆದಿಲ್ಲ.

ತೊವಾಕೋ: ಮತ್ತೆ ಯಾರು, ನಿಮ್ಮತ್ತೆ ಬಂದು ಬರೆದು ಹೋದ್ರಾ?

ಇಸಾಬುರೋ: ಸಾಧ್ಯವೇ ಇಲ್ಲ. ಬೀರು ಬರೆಯುವಾಗ ನಾನು ಯಾವಾಗ್ಲೂ ನಮ್ಮ ಬೀರನ್ನೇ ನೋಡ್ಕೊಂಡು ಬರೆಯೋದು. ಇಲ್ಲೇ ಹಿಂದೆ ಇದೆಯಲ್ಲ, ಅದನ್ನ ನೋಡಿ, ಇದ್ದದ್ದನ್ನ ಇದ್ದ ಹಾಗೆ...

ಹೇಳುತ್ತಾ ಹೇಳುತ್ತಾ ಅವನ ತಲೆ ಹಿಂದಕ್ಕೆ ತಿರುಗಿತು. ನುಕಾಗಾಳ ತಲೆಯೂ ತಿರುಗಿತು. ತೊವಾಕೋ ಮಾತ್ರ ಉಪ್ಪಿನಕಾಯಿ ಬಟ್ಟಲನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಗೋಡೆಬೀರಿನ ಬಾಗಿಲು ಮುಚ್ಚಿತ್ತು.

ಇಸಾಬುರೋ: ಸೌಟೆಲ್ಲಿ?

ತೊವಾಕೋ: ಯಾವ ಸೌಟು?

ಇಸಾಬುರೋ: ತೊವಾಕೋ.

ತೊವಾಕೋ: ಎರಡು ವರ್ಷದ ಹಿಂದೆ ಅಡಿಗೆ ಸೌಟು ಮುರೀತು. ಹೊರಗೆ ಮೊಣಕಾಲುದ್ದ ಹಿಮ. ಒಲೆ ಮೇಲೆ ಬಿಸಿ ಅನ್ನ. ಇದೊಂದು ಊಟಕ್ಕೆ ತಗೊಂಡು, ತೊಳೆದು, ವಾಪಸ್ ಇಡೋಣ ಅಂತ ತಗೊಂಡೆ.

ಇಸಾಬುರೋ: ಆಮೇಲೆ?

ತೊವಾಕೋ: ಆಮೇಲೆ ಮರೆತೆ. ಬೆಳಿಗ್ಗೆ ನೆನಪಾಗಿ ಓಡಿ ಬಂದ್ರೆ ಬಾಗಿಲು ಮುಚ್ಕೊಂಡಿದೆ. ನೀವು ಅದರ ಮುಂದೆ ಕೂತು ಹಲ್ಲುಜ್ಜುತಾ ಇದ್ರಿ. ಈಗ ಕೂಗ್ತಾರೆ, ಈಗ ಕೂಗ್ತಾರೆ ಅಂತ ಕಾದೆ. ಎರಡು ವರ್ಷದಿಂದ ಕಾಯ್ತಾನೇ ಇದೀನಿ.

ಇಸಾಬುರೋ: ಎರಡು ವರ್ಷ ನಾನು ಅದೇ ಸೌಟಲ್ಲಿ ಅನ್ನ ತಿಂತಿದೀನಾ?

ತೊವಾಕೋ: ರುಚಿ ಚೆನ್ನಾಗಿದೆ ಅಂತ ನೀವೇ ಅಂದ್ರಿ.

ಅಂದರೆ ಹುಡುಗ ವಾಸಿಯಾಗಿದ್ದಾನೆಂದು ಇವಳಿಗೆ ಇಷ್ಟು ದಿನವೂ ಗೊತ್ತಿತ್ತು. ಸಾಕ್ಷಿ ಅಡಿಗೆಮನೆಯಲ್ಲೇ ಇತ್ತು. ಆದರೆ ಹಾಜರುಪಡಿಸಿದರೆ ಕಳ್ಳತನ ಒಪ್ಪಿಕೊಳ್ಳಬೇಕಿತ್ತು. ನುಕಾಗಾಳಿಗೆ ಈಗ ಎಲ್ಲವೂ ತಡವಾಗಿ, ಒಂದೊಂದಾಗಿ ಅರ್ಥವಾಗತೊಡಗಿತು. ಅವಳು ಇಸಾಬುರೋನ ನೆತ್ತಿಯನ್ನು ನೋಡಿದಳು, ರೇಜಿಯ ಕೂದಲನ್ನು ನೋಡಿದಳು, ‘ಹನ್ನೊಂದು ಸಂಪುಟನಾ’ ಎಂದಿದ್ದಕ್ಕೆ ಹಣೆ ಮೇಜಿಗೆ ತಾಗುವವರೆಗೆ ಬಾಗಿ ಕ್ಷಮೆ ಕೇಳಿದಳು. ಪರವಾಗಿಲ್ಲ, ನನಗೂ ಜಾಸ್ತಿ ಅನ್ನಿಸಿತ್ತು ಎಂದ ಇಸಾಬುರೋ.

ಆಮೇಲೆ ಅವನು ಪೂರ್ತಿ ಆ ಬಾಗಿಲ ಕಡೆಗೆ ತಿರುಗಿ ಕೂತ.

ಇಸಾಬುರೋ: ಈಗ ನೆನಪಾಯ್ತು. ಗೊತ್ತಿತ್ತು ನಂಗೆ.

ತೊವಾಕೋ: ಏನು ಗೊತ್ತಿತ್ತು?

ಇಸಾಬುರೋ: ಮುಚ್ಚಿದ ಬೀರು ನೋಡಿದ್ರೆ ಒಳಗೆ ಯಾರೋ ಕೂತಿದಾರೆ ಅನ್ಸತ್ತೆ ನಂಗೆ. ಆರು ವರ್ಷದೋನು. ನೀನು ಸೌಟು ತೆಗೆದ ರಾತ್ರಿ ಎಚ್ಚರ ಆಯ್ತು, ನೋಡಿದೆ, ಸಂದು ಇಲ್ಲ. ತೆಗೆಯೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ನೀನು ಶುರು ಮಾಡಿದೆ.

ತೊವಾಕೋ: ಏನು ಶುರು ಮಾಡಿದೆ?

ಇಸಾಬುರೋ: ಗೊರಕೆ.

ತೊವಾಕೋ: ನಾನು?

ಇಸಾಬುರೋ: ಅತ್ತೆ ಮನೇಲಿ ನಾನು ಹೆದರಿದ್ದು ಕತ್ತಲೆಗಲ್ಲ ಕಣೇ. ಮನೆ ತುಂಬ ಒಂದು ಸದ್ದಿಲ್ಲ, ಅದಕ್ಕೆ. ಈಗ ಇವಳು ಹೀಗೆ ಹೊಡೀತಾ ಇದ್ರೆ ಒಳಗೆ ಕೂತಿರೋನಿಗೂ ಕೇಳಿಸ್ತಿರತ್ತೆ, ಮನೇಲಿ ಜನ ಇದಾರೆ ಅಂತ ಅವನಿಗೂ ಗೊತ್ತಾಗತ್ತೆ ಅಂದ್ಕೊಂಡೆ. ಇರ್ಲಿ, ಬಾಗಿಲು ಬೆಳಿಗ್ಗೆ ತೆಗೆದ್ರಾಯ್ತು ಅಂತ ಮಲಗಿದೆ.

ತೊವಾಕೋ: ಬೆಳಿಗ್ಗೆ ಯಾಕೆ ತೆಗೀಲಿಲ್ಲ?

ಇಸಾಬುರೋ: ಆ ಬೆಳಿಗ್ಗೆ ಇನ್ನೂ ಬಂದಿಲ್ಲ ಅನ್ಸತ್ತೆ.

ನುಕಾಗಾ ಉಪ್ಪಿನಕಾಯಿ ತುಂಡನ್ನು ಬಾಯಿಗೆ ಒಯ್ಯುತ್ತಿದ್ದವಳು ಅರ್ಧದಲ್ಲೇ ನಿಲ್ಲಿಸಿದ್ದಳು. ಇಂಥ ಗಳಿಗೆಯಲ್ಲಿ, ಹನ್ನೊಂದು ಸಂಪುಟಗಳ ಅನುಭವವಿದ್ದ ಯಾವ ಓದುಗಿಯಾದರೂ ನಾಯಕಿ ಕಣ್ಣು ತುಂಬಿಕೊಂಡು ನಾಯಕನ ಕೈ ಹಿಡಿಯುತ್ತಾಳೆಂದು ನಿರೀಕ್ಷಿಸುತ್ತಿದ್ದಳು.

ತೊವಾಕೋ: ನಾನು ಗೊರಕೆ ಹೊಡೆಯಲ್ಲ.

ಇಸಾಬುರೋ ಪುಟವನ್ನು ಹತ್ತಿರ ಎಳೆದುಕೊಂಡು, ಅಳತೆಪಟ್ಟಿ ಇಟ್ಟು, ಮೇಲಿಂದ ಕೆಳಗೆ ಒಂದು ಗೆರೆ ಎಳೆದ. ಬೆಳಿಗ್ಗೆಯಿಂದ ಆಗದಿದ್ದ ಕೆಲಸ ಮೂರು ಉಸಿರಿನಲ್ಲಿ ಮುಗಿಯಿತು. ಬಾಗಿಲು ಮುಚ್ಚಿಕೊಂಡಿತು. ತೊವಾಕೋ ಕಥೆಯ ಕಡೆಯ ಚಿತ್ರ ಮೊದಲೇ ಬರೆದಿಟ್ಟಿದ್ದಳು: ಚಾಪೆಯ ಮೇಲೆ ಹಾಸಿಗೆ, ಕೊನೋಮಿ ನಿದ್ದೆಹೋಗಿದ್ದಾಳೆ, ಕೂದಲು ದಿಂಬಿನ ಮೇಲೆ ನದಿಯಂತೆ ಹರಿದಿದೆ, ಪಕ್ಕದಲ್ಲಿ ರೇಜಿ ಎಚ್ಚರವಾಗಿದ್ದು ಅವಳನ್ನೇ ನೋಡುತ್ತಾ ನಸುನಗುತ್ತಿದ್ದಾನೆ. ಎಲ್ಲ ಮುಗಿಯಿತೆಂದು ನುಕಾಗಾ ಕೈ ಚಾಚುವಷ್ಟರಲ್ಲಿ ಇಸಾಬುರೋ ದಪ್ಪ ಕುಂಚ ತೆಗೆದುಕೊಂಡ. ಕೊನೋಮಿಯ ದಿಂಬಿನಿಂದ ಹೊರಟು, ರೇಜಿಯ ತಲೆಯ ಮೇಲೆ ಹಾದು, ಮುಚ್ಚಿದ ಬಾಗಿಲಿನ ಉದ್ದಕ್ಕೂ, ರೈಲು ಬರುವ ದೃಶ್ಯಗಳಿಗೆ ಮಾತ್ರ ಬಳಸುತ್ತಿದ್ದ ಗಾತ್ರದ ಅಕ್ಷರಗಳಲ್ಲಿ ಸದ್ದು ಬರೆದ:

ಗೊರ್ರ್ರ್ರ್ರ್.

ತೊವಾಕೋ: ಏನಿದು?

ಇಸಾಬುರೋ: ವಾಸಿಯಾಗೋದು.

ತೊವಾಕೋ: ಅಳಿಸಿ. ಗೊರಕೆ ಅಂದ್ರೆ ಉಸಿರು. ಉಸಿರು ನಂದು. ಗಡಿ ದಾಟಿದೀರಿ.

ಇಸಾಬುರೋ: ಉಸಿರು ನಿಂದೇ. ಸದ್ದು ನಂದು. ಸಂವಿಧಾನ ಹಾಗೇ ಇದೆ.

ತೊವಾಕೋ: ಕೊನೋಮಿ ಗೊರಕೆ ಹೊಡೆಯೋ ಹುಡುಗಿ ಅಲ್ಲ. ಅವಳು ಐದು ವರ್ಷದಲ್ಲಿ ಒಂದ್ಸಲ ಸೀನಿಲ್ಲ. ಅದು ರೇಜಿದು ಅಂತ ಮಾಡಿ.

ಇಸಾಬುರೋ: ರೇಜಿ ಕಣ್ಣು ಬಿಟ್ಕೊಂಡಿದಾನೆ. ನೀನೇ ಬಿಡಿಸಿದ್ದು.

ತೊವಾಕೋ ರೇಜಿಯ ಕಣ್ಣುಗಳನ್ನು ನೋಡಿದಳು. ಅರ್ಧ ದಿನ ಕೂತು ಒಂದೊಂದೇ ರೆಪ್ಪೆ ಎಳೆದ ಕಣ್ಣುಗಳು. ಬಿಳಿ ಬಣ್ಣ ಹಚ್ಚಿ, ಒಣಗಿಸಿ, ಮುಚ್ಚಿದ ರೆಪ್ಪೆ ಬರೆಯಲು ಒಂದು ಗಂಟೆ ಬೇಕು. ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲಾಗಿತ್ತು.

ತೊವಾಕೋ: ಹಾಗಾದ್ರೆ ಬಾಗಿಲು ತೆಗೀರಿ.

ಇಸಾಬುರೋ: ಏನು?

ತೊವಾಕೋ: ನಾಲ್ಕು ಬೆರಳು ತೆಗೀರಿ. ಮೊದಲಿದ್ದ ಹಾಗೆ. ಹುಡುಗ ವಾಸಿಯಾಗೋದೇ ಬೇಡ. ಗಾಯ ಇರ್ಲಿ, ಪರವಾಗಿಲ್ಲ, ಎಷ್ಟೋ ಜನ ಇಟ್ಕೊಂಡು ಬದುಕ್ತಿದಾರೆ.

ಇಸಾಬುರೋ: ಸುಳ್ಳು ಬರೆಯಲ್ಲ ಅಂತ ಆಗ್ಲೇ ಹೇಳಿದೆ.

ಇಬ್ಬರೂ ಏಕಕಾಲಕ್ಕೆ ಸಂಪಾದಕಿಯ ಕಡೆ ತಿರುಗಿದರು. ಸಂಪಾದಕಿ ಅಲ್ಲಿರಲಿಲ್ಲ. ಹದಿನೆಂಟು ವರ್ಷ ಮೀನು ಹಿಡಿಯುವವರ ನಡುವೆ ಬಾಳಿದ್ದ ನುಕಾಗಾಳಿಗೆ ಯಾವಾಗ ಎತ್ತಬೇಕೆಂಬುದು ಗೊತ್ತಿತ್ತು. ಪುಟವೂ ಇರಲಿಲ್ಲ. ಹೊರಬಾಗಿಲಿನ ಬಳಿ ಶೂ ಎಳೆದುಕೊಳ್ಳುವ ಸದ್ದು, ಆಮೇಲೆ ಹಿಮದ ಮೇಲೆ ಓಡುವ ಸದ್ದು ಕೇಳಿಸಿತು.

ಮುಂದಿನ ತಿಂಗಳು ಕಾರ್ಡುಗಳು ಒಂಬೈನೂರು ಬಂದವು. ಕೆಲವು ಹುಡುಗಿಯರು ತಮ್ಮ ಕನಸು ಒಡೆದುಹೋಯಿತೆಂದು ಬರೆದಿದ್ದರು. ಅದಕ್ಕಿಂತ ಹೆಚ್ಚು ಮಂದಿ ತಮ್ಮ ಅಜ್ಜಿಯ ಬಗ್ಗೆ, ಅಪ್ಪನ ಬಗ್ಗೆ, ಹಾಸ್ಟೆಲಿನ ಗೆಳತಿಯ ಬಗ್ಗೆ, ಯಾರ ಗೊರಕೆ ಕೇಳಿದರೆ ತಮಗೆ ನಿದ್ದೆ ಬರುತ್ತದೆಂಬ ಬಗ್ಗೆ ಬರೆದಿದ್ದರು. ಇವನ್ನೆಲ್ಲ ನುಕಾಗಾ ದೊಡ್ಡ ಲಕೋಟೆಯಲ್ಲಿ ಕಳಿಸಿದ್ದಳು. ತೊವಾಕೋ ಒಂದನ್ನೂ ಒಪ್ಪಲಿಲ್ಲ. ಊಟದ ಹೊತ್ತಿಗೆ ಎಲ್ಲಕ್ಕಿಂತ ಕೆಳಗಿದ್ದ ಕಾರ್ಡು ಅವಳ ಕೈಗೆ ಸಿಕ್ಕಿತು. ಓದಿ, ಬೆನ್ನು ನೆಟ್ಟಗೆ ಮಾಡಿ ಕೂತಳು.

ತೊವಾಕೋ: ಕೇಳಿಸ್ಕೊಳ್ಳಿ. ‘ಐಜು ಬಡಗಿಯ ನಮಸ್ಕಾರ. ಕಡೆಯ ಪುಟ ನೋಡಿದೆ. ಬಾಗಿಲು ಚೆನ್ನಾಗಿ ಮುಚ್ಚಿದೆ. ಆದರೆ ಬಾಗಿಲ ಮೇಲೆ ಬರೆದಿರುವ ಸದ್ದು ನೋಡಿದರೆ ಜಾಡು ಒಣಗಿ, ಗಾಳಿಗೆ ಅದುರುತ್ತಿದೆ ಎಂದು ತೋರುತ್ತದೆ. ಸ್ವಲ್ಪ ಮೇಣ ಹಚ್ಚುವುದು.’

ಇಸಾಬುರೋ: ಹ್ಞೂಂ.

ತೊವಾಕೋ: ಐವತ್ತು ವರ್ಷ ಅನುಭವ ಇರೋರು. ಆ ರಾತ್ರಿ ನೀವು ಕೇಳಿದ್ದು ಬಾಗಿಲಿನ ಸದ್ದು. ನಾನಲ್ಲ.

ಇಸಾಬುರೋ ಬಟ್ಟಲು ಮುಂದೆ ಚಾಚಿದ. ತೊವಾಕೋ ಅದೇ ಸೌಟಿನಲ್ಲಿ ಅವನಿಗೆ ಇನ್ನಷ್ಟು ಅನ್ನ ಹಾಕಿದಳು. ಅವನು ಎರಡು ತುತ್ತು ತಿಂದ, ಮುಚ್ಚಿದ ಬೀರಿನ ಕಡೆ ಒಮ್ಮೆ ನೋಡಿದ, ವಿನಯದಿಂದ ತಲೆ ಆಡಿಸಿದ.

ಇಸಾಬುರೋ: ಬಾಗಿಲೇ ಇರ್ಬೇಕು. ಪಾಪ, ಒಳ್ಳೇ ನಿದ್ದೇಲಿತ್ತು.